ಅಕ್ಕನ ಫೋನು, ನನ್ನ ಓಟಿಪಿ

ಈ ವಾರದ ಅಂಕಣದಲ್ಲಿ ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದಿಂದ ನಾನು ನನ್ನ ಅಕ್ಕ ಬರೆದುಕೊಳ್ಳುವುದನ್ನೆಲ್ಲ ಕದ್ದು ಓದುತ್ತಿದ್ದೇನೆ.

ಇದಕ್ಕಾಗಿ ನಾನೇನೂ ಗೋಡೆ ಹಾರಿಲ್ಲ, ಬೀಗ ಮುರಿದಿಲ್ಲ. ಬೆಳಗ್ಗೆ ಎದ್ದು ಕೋಲಾರದ ನಮ್ಮ ಮನೆಯಲ್ಲಿ ಕಾಫಿಗೆ ಹಾಲಿಟ್ಟು, ಫೋನಿನಲ್ಲಿ ನೋಟ್ಸ್ ಆ್ಯಪ್ ತೆರೆಯುತ್ತೇನೆ. ಅಷ್ಟೇ. ರಾಯಲ್ಪಾಡಿನ ಹತ್ತಿರದ ಹಳ್ಳಿಯಲ್ಲಿರುವ ಅಕ್ಕ ಹಿಂದಿನ ಸಂಜೆ ಬರೆದದ್ದು ಅಲ್ಲಿರುತ್ತದೆ. ‘ರೇಪು ಆಕು ಮೂಡು ಸಾರ್ಲು.’ ಅಂದರೆ, ನಾಳೆ ಸೊಪ್ಪು ಮೂರು ಸಾರಿ. (ಗಡಿಭಾಗದ ನಮ್ಮ ಶ್ರೀನಿವಾಸಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಆಡುವುದು ತೆಲುಗು, ಓದಿದ್ದು ಕನ್ನಡ ಶಾಲೆ. ಬರೆಯಲು ಕೂತರೆ ಮಾತು ಅದು, ಅಕ್ಷರ ಇದು.)

ಅಕ್ಕ ನಾಗರತ್ನ ರೇಷ್ಮೆ ಹುಳು ಸಾಕುತ್ತಾಳೆ. ಹುಳುವಿನ ದಿನಚರಿಯೇ ಅವಳ ದಿನಚರಿ. ಎಷ್ಟು ಸಾರಿ ಹಿಪ್ಪುನೇರಳೆ ಸೊಪ್ಪು ಹಾಕಿದೆ, ಹುಳು ಯಾವತ್ತು ಜ್ವರಕ್ಕೆ ಕೂತಿತು, ಯಾವತ್ತು ಎದ್ದಿತು. ಗಾಬರಿಯಾಗಬೇಡಿ, ಈ ಜ್ವರಕ್ಕೆ ಔಷಧಿ ಬೇಕಿಲ್ಲ. ಹುಳು ಮೇವು ಬಿಟ್ಟು, ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ನಮ್ಮವರು ಜ್ವರ ಅನ್ನುತ್ತಾರೆ. ಹೀಗೆ ನಾಲ್ಕು ಸಾರಿ ಕೂತೆದ್ದ ಮೇಲೆ ಅದು ಗೂಡು ಕಟ್ಟುವ ಹುಳು.

ಅವಳ ನೋಟ್ಸು ನನ್ನ ಫೋನಿಗೆ ಹೇಗೆ ಬಂತು? ನನ್ನದೇ ಅವಸರದಿಂದ.

ನಮಗೆ ಅಣ್ಣತಮ್ಮಂದಿರಿಲ್ಲ. ಹೀಗಾಗಿ ಗೌರಿ ಹಬ್ಬಕ್ಕೆ ಅಕ್ಕನಿಗೆ ತವರಿನ ಬಾಗಿನ ಕೊಡುವವಳು ತಂಗಿಯಾದ ನಾನೇ. ಒಂದು ವರ್ಷ ಹೊಸ ಫೋನ್ ಕೊಂಡಿದ್ದೆ. ಹಳೆಯದು ಚೆನ್ನಾಗಿಯೇ ಇತ್ತು. ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ರವಿಕೆ ಬಟ್ಟೆ ಇಟ್ಟು ಅದರ ಮೇಲೆ ಆ ಫೋನನ್ನೂ ಇಟ್ಟೆ. ಅಕ್ಕ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ತೆಗೆದುಕೊಂಡಳು. ಲಾಗ್ ಔಟ್ ಮಾಡಬೇಕೆಂದು ನನಗೆ ಹೊಳೆಯಲಿಲ್ಲ. ಉಟ್ಟ ಸೀರೆ ಅಕ್ಕತಂಗಿಯರಿಗೆ ಕೊಡುವಾಗ ಯಾರಾದರೂ ಲಾಗ್ ಔಟ್ ಮಾಡುತ್ತಾರೆಯೇ?

ಅಕ್ಕನಿಗೆ ಈಮೇಲ್ ಇಲ್ಲ, ಬೇಕಾಗಿಯೂ ಇಲ್ಲ. ಫೋನಿನಲ್ಲಿ ಬರೆಯುವ ಜಾಗವೊಂದು ಕಂಡಿತು, ಬರೆದಳು. ಅದು ನನ್ನ ಹೆಸರಿನ ಅಕೌಂಟು. ಬರೆದದ್ದೆಲ್ಲ ನನ್ನ ಹೊಸ ಫೋನಿಗೂ ಬಂತು. ಮೊದಮೊದಲು ನನಗೆ ಇದು ತಮಾಷೆ. ಮುಂದಿನ ಸಾರಿ ಹೋದಾಗ ಹೇಳಿ ನಗೋಣ ಎಂದುಕೊಂಡೆ.

ಮುಂದಿನ ಸಾರಿ ಹೋದಾಗ ನಗುವಂಥದ್ದು ನಡೆಯಲಿಲ್ಲ.

ಮಾವಿನ ಹಣ್ಣಿನ ಕಾಲ. ನಾನು ಪಾಠ ಮಾಡುವ ಶಾಲೆಯ ಇಬ್ಬರು ಟೀಚರುಗಳನ್ನು ಕಟ್ಟಿಕೊಂಡು ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ತೋಟದ ಹಣ್ಣು ಕೊಯ್ಸಿದಳು, ಮುದ್ದೆ, ಹುರುಳಿ ಸಾರು ಮಾಡಿ ಬಡಿಸಿದಳು. ಹುಳು ನಾಲ್ಕನೇ ಜ್ವರದಿಂದ ಎದ್ದು ಹಗಲಿರುಳು ಸೊಪ್ಪು ಮೇಯುತ್ತಿದ್ದ ದಿನಗಳು. ಇನ್ನು ನಾಲ್ಕೈದು ದಿನಕ್ಕೆ ಗೂಡು ಕಟ್ಟಬೇಕು. ‘ಹುಳು ಮನೆ ಕಡೆ ಮಾತ್ರ ಬರಬ್ಯಾಡಿ’ ಎಂದು ಅಕ್ಕ ಹೇಳಿದ್ದಳು. ನಾವು ಹೋಗಲಿಲ್ಲ. ಆದರೆ ಮಲಗುವ ಮುಂಚೆ ನಾನು ಬ್ಯಾಗಿನಿಂದ ಸೊಳ್ಳೆ ಓಡಿಸುವ ಲಿಕ್ವಿಡ್ ಮಷಿನ್ ತೆಗೆದು ಪ್ಲಗ್ಗಿಗೆ ಚುಚ್ಚಿದೆ. ಟೀಚರುಗಳಿಗೆ ಸೊಳ್ಳೆ ಕಚ್ಚಬಾರದಲ್ಲ! ಆ ಕೋಣೆಯ ಕಿಟಕಿ ತೆರೆಯುವುದು ಹುಳು ಮನೆಯ ಕಡೆಗೆ.

ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವಳು ನಾನು. ಸೊಳ್ಳೆ ಸಾಯುವ ಗಾಳಿಗೆ ಹುಳುವೂ ಸಾಯುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮರೆತಿದ್ದೆ. ಇಪ್ಪತ್ತು ವರ್ಷದ ಕೋಲಾರ ಇದನ್ನು ಮರೆಸಿತ್ತು.

ಬೆಳಗ್ಗೆ ಎದ್ದು ನೋಡಿದರೆ ಹುಳುಗಳು ತಲೆ ಎತ್ತಿ, ಹಸಿರು ಕಕ್ಕಿ, ಮುದುಡಿ ಬಿದ್ದಿದ್ದವು. ಅಕ್ಕ ಸತ್ತ ಹುಳುಗಳನ್ನು ಬಾಚಿ ಮಂಕರಿಗೆ ತುಂಬುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೀಚರುಗಳು ಪೆಚ್ಚಾಗಿ ನಿಂತಿದ್ದರು. ಅವರೆದುರು ನನಗೆ ಅವಮಾನವಾದಂತಾಗಿ, ಆಡಬಾರದ ಮಾತು ಆಡಿದೆ.

‘ಅಯ್ಯೋ ಬಿಡೇ ಅಕ್ಕ, ಹುಳ ತಾನೆ. ಇನ್ನೊಂದ್ಸಾರಿ ಮೊಟ್ಟೆ ತಂದ್ರಾಯ್ತು.’

ಅಕ್ಕ ತಲೆ ಎತ್ತಿ ನೋಡಿದಳು. ‘ಬಸ್ಸಿಗೆ ಹೊತ್ತಾಯ್ತು. ಹೊರಡ್ರಿ’ ಅಂದಳು.

ಆಮೇಲೆ ನನ್ನ ಫೋನ್ ಎತ್ತಲಿಲ್ಲ. ಒಂದೆರಡು ಸಾರಿ ಭಾವ ಎತ್ತಿ, ‘ಸೊಪ್ ಹಾಕ್ತಾವ್ಳಮ್ಮ, ಆಮೇಲ್ ಮಾಡು’ ಅಂದರು. ಆಮೇಲೆ ನಾನೂ ಮಾಡಲಿಲ್ಲ. ಒಂದು ಮಾತಿಗೆ ಇಷ್ಟೊಂದು ಕೋಪವೇ ಎಂದು ಬಿಗಿದುಕೊಂಡೆ. ತಪ್ಪು ನಮ್ಮದಾದಾಗಲೇ ಬಿಗುಮಾನ ಜಾಸ್ತಿ, ನೋಡಿ.

ಎರಡು ಗೌರಿ ಹಬ್ಬ ಹಾಗೇ ಹೋದವು. ಎರಡು ವರ್ಷವೂ ಮೊರ ತಂದೆ, ಬಳೆ ತಂದೆ. ಬೀರುವಿನ ಮೇಲೆ ಇಟ್ಟೆ.

ಆದರೆ ನೋಟ್ಸ್ ಬರುತ್ತಲೇ ಇತ್ತು! ಮಾತು ಬಿಟ್ಟ ಅಕ್ಕ ಪ್ರತಿದಿನ ನನ್ನ ಅಡುಗೆಮನೆಗೆ ಬರುತ್ತಿದ್ದಳು. ‘ಎಂಡ ಎಕ್ಕುವ’ ಎಂದಿದ್ದರೆ, ಅಲ್ಲಿ ಬಿಸಿಲು ಜಾಸ್ತಿ, ಅವಳಿಗೆ ತಲೆನೋವು ಬಂದಿರುತ್ತದೆ ಅಂದುಕೊಳ್ಳುತ್ತಿದ್ದೆ. ಎರಡು ದಿನ ಏನೂ ಬರೆಯದಿದ್ದರೆ ನನಗೆ ಶಾಲೆಯಲ್ಲಿ ಪಾಠ ಓಡುತ್ತಿರಲಿಲ್ಲ. ಗೂಡು ಚೆನ್ನಾಗಿ ಬಂತೆಂದು ಬರೆದ ದಿನ ಮನೆಯಲ್ಲಿ ಪಾಯಸ ಮಾಡಿದ್ದೂ ಇದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ಹತ್ತಿರ ಹೋಗಿ ಕೂರಬೇಕು, ಅವಳ ಕೈಯ ಸೊಪ್ಪಿನ ವಾಸನೆ ಮೂಸಬೇಕು ಎಂದು ಎಷ್ಟು ಸಾರಿ ಅನ್ನಿಸಿದೆಯೋ ಲೆಕ್ಕವಿಲ್ಲ. ಕೋಲಾರದಿಂದ ಆ ಊರು ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ.

ಒಂದು ದಿನ ತೆಲುಗಿನಲ್ಲೇ ಬರೆದಿದ್ದಳು, ಕನ್ನಡದಲ್ಲಿ ಹೇಳುವುದಾದರೆ: ‘ಮೊಣಕಾಲಿಗೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟಬೇಕು.’ ಅಕ್ಕನಿಗೆ ಮೊಣಕಾಲು ಹಿಡಿದಿದೆ ಎಂದು ಒಂದು ವಾರ ಕೊರಗಿದೆ. ನನಗೂ ಆಗ ಮೊಣಕಾಲು ನೋವು. ಒಂದೇ ರಕ್ತ, ಒಂದೇ ನೋವು ಅಂದುಕೊಂಡೆ.

ಹೀಗಿರುವಾಗ ಹೋದ ತಿಂಗಳು ಆ್ಯಪ್‌ನವರಿಂದ ಒಂದು ನೋಟಿಸು ಬಂತು. ನಿಮ್ಮ ಭದ್ರತೆಗಾಗಿ (ಎಲ್ಲವೂ ನಮ್ಮ ಭದ್ರತೆಗಾಗಿಯೇ ತಾನೆ!) ಭಾನುವಾರದ ನಂತರ ಪ್ರತಿ ಫೋನಿನಲ್ಲೂ ಹೊಸದಾಗಿ ಲಾಗಿನ್ ಆಗಬೇಕು. ಓಟಿಪಿ ಅಕೌಂಟಿನಲ್ಲಿರುವ ನಂಬರಿಗೆ ಬರುತ್ತದೆ. ಆಗದಿದ್ದರೆ ಆ ಫೋನಿನಲ್ಲಿ ನೋಟ್ಸ್ ತೆರೆಯುವುದಿಲ್ಲ.

ಅಕೌಂಟಿನಲ್ಲಿರುವ ನಂಬರು ನನ್ನದು. ಹಾಗಾದರೆ ಭಾನುವಾರದ ನಂತರ ಅಕ್ಕನ ಫೋನಿನಿಂದ ಅವಳ ಹುಳುವಿನ ಬರಹವೆಲ್ಲ ಮಾಯ. ನನ್ನ ಫೋನಿನಿಂದ ಅಕ್ಕನೇ ಮಾಯ.

ಏನು ಮಾಡುವುದೆಂದು ತೋಚದೆ ಶುಕ್ರವಾರ ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಗೋವಿಂದಪ್ಪನವರ ಹತ್ತಿರ ಹೋದೆ. ಮಾಲೂರಿನ ಲಕ್ಕೂರು ಕಡೆಯವರು. ಅಕೌಂಟ್ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಅವರ ಮೈಮೇಲೆ ದೇವರು ಬರುತ್ತದೆ.

‘ಸಾಮಾನು ಚೀಟಿ ಬರ್ಕೊಳಾಕೆ ನಿಮ್ಮ ಹುಟ್ಟಿದ ತಾರೀಕು ಯಾಕೆ ಬೇಕು ಮೇಡಂ ಅವ್ರಿಗೆ? ಕೇಕ್ ಕಳಿಸ್ತಾರಾ?’ ಎಂದು ಶುರು ಮಾಡಿದರು. ‘ನಮ್ಮ ಅಜ್ಜಿ ಗೋಡೆ ಮೇಲೆ ಇದ್ದಿಲಲ್ಲಿ ಹಾಲಿನ ಗೀಟು ಎಳೀತಿದ್ಲು. ಗೋಡೆ ಅವಳನ್ನ ಓಟಿಪಿ ಕೇಳ್ತಿತ್ತಾ?’

ಗೋವಿಂದಪ್ಪನವರ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಟಿ.ವಿ. ಸ್ಟ್ಯಾಂಡಿನ ಕೆಳಗೆ ಹಗಲಿರುಳು ಗುಂಯ್ ಎನ್ನುತ್ತಿರುತ್ತದಂತೆ. (ಅವರ ಮನೆಯಾಕೆ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಾರೆ.) ಮನೆಯವರ ಫೋನುಗಳಲ್ಲಿರುವ ಫೋಟೋ, ಬರಹ ಎಲ್ಲ ಬಂದು ಕೂರುವುದು ಅದರಲ್ಲೇ. ಯಾವ ಕಂಪನಿಗೂ ಹೆಸರು ಕೊಡಬೇಕಾಗಿಲ್ಲ, ನಂಬರು ಕೊಡಬೇಕಾಗಿಲ್ಲ. ನಮ್ಮ ಮಾತು ನಮ್ಮ ಮನೆಯಲ್ಲಿ.

‘ಕರೆಂಟ್ ಹೋದ್ರೆ?’ ಎಂದು ಕೇಳಿದೆ.

‘ಬರೋವರ್ಗೂ ಕಾಯೋದು. ಬೋರ್‌ವೆಲ್ ನೀರಿಗೆ ಕಾಯಲ್ವಾ?’

‘ಡಬ್ಬ ಕೆಟ್ಟುಹೋದ್ರೆ?’

‘ಅದಕ್ಕೇ ಇನ್ನೊಂದ್ರಲ್ಲಿ ಕಾಪಿ ಇಟ್ಟಿರ್ತೀನಿ. ಕಷ್ಟ ಇಲ್ಲ ಅಂತ ಹೇಳಲ್ಲ ಮೇಡಂ. ಮನೇಲಿ ಹಸು ಕಟ್ಟಿದ ಮೇಲೆ ಸಗಣಿ ಬಾಚ್ಬೇಕು. ಪ್ಯಾಕೆಟ್ ಹಾಲು ಸುಲಭ, ಸರಿ. ನಾಳೆಯಿಂದ ಹಾಲು ಹಾಕಲ್ಲ ಅಂದ್ರೆ ಏನ್ ಮಾಡ್ತೀರಾ?’

ನಾಳೆಯಿಂದ ಹಾಲು ಹಾಕಲ್ಲ ಎಂಬ ಚೀಟಿ ಕೈಯಲ್ಲಿ ಹಿಡಿದೇ ಅವರ ಹತ್ತಿರ ಹೋಗಿದ್ದೆನಲ್ಲ.

ಫೋನ್ ಈಸಿಕೊಂಡು ಅವರು ಏನೇನೋ ಒತ್ತಿದರು. ಹುಬ್ಬು ಗಂಟಿಕ್ಕಿದರು.

‘ಮೇಡಂ, ನಿಮ್ಮ ಅಕೌಂಟಲ್ಲಿ ಇನ್ನೊಂದು ಫೋನ್ ಐತೆ. ಎರಡು ವರ್ಷದ ಮೇಲಾಯ್ತು. ಯಾರೋ ನೀವು ಬರೆಯೋದನ್ನೆಲ್ಲ ಓದ್ತಾವ್ರೆ. ಕಿತ್ತಾಕ್ಲಾ?’

‘ಬೇಡ ಬೇಡ!’ ಎಂದು ಕೂಗಿದೆ. ‘ಅದು ನಮ್ಮಕ್ಕನ ಫೋನು. ಅವಳು ಓದ್ತಿಲ್ಲ ಸಾರ್, ನಾನು ಅವಳದನ್ನ ಓದ್ತಿರೋದು.’

ಗೋವಿಂದಪ್ಪನವರು ನನ್ನನ್ನು ಏಳನೇ ಕ್ಲಾಸಿನ ದಡ್ಡಿಯನ್ನು ನೋಡುವಂತೆ ನೋಡಿದರು. ‘ಮೇಡಂ, ಸಿಂಕ್ ಅಂದ್ರೆ ಎರಡೂ ಕಡೆ. ಅವ್ರದ್ದು ನಿಮಗೆ ಕಂಡ್ರೆ, ನಿಮ್ಮದು ಅವ್ರಿಗೆ ಕಾಣಲ್ವಾ?’

ಸ್ಟಾಫ್ ರೂಮಿನ ಕುರ್ಚಿಯಲ್ಲಿ ಹಾಗೇ ಕೂತೆ.

ಎರಡು ವರ್ಷ! ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಿರಲಿಲ್ಲವೇ? ಪಕ್ಕದ ಮನೆಯೊಳಗೆ ಇಣುಕುವವಳಿಗೆ ತಾನು ಕಿಟಕಿಯಲ್ಲಿ ನಿಂತಿದ್ದೇನೆ ಎನ್ನುವುದು ಮರೆತೇ ಹೋಗಿರುತ್ತದೆ.

ಆ ಆ್ಯಪ್‌ನಲ್ಲಿ ನಾನು ಏನೇನು ಬರೆದಿಲ್ಲ? ಈ ಅಂಕಣದ ಕರಡು. ತರಕಾರಿ ಪಟ್ಟಿ. ಹೆಡ್‌ಮಾಸ್ಟರ್ ಮೇಲಿನ ಸಿಟ್ಟು. ‘ಮೊಣಕಾಲು ತುಂಬಾ ನೋವು, ಮಂಗಳವಾರ ಡಾಕ್ಟರು’ ಎಂಬ ಸಾಲು. ಅದನ್ನು ಹುಡುಕಿ ತಾರೀಕು ನೋಡಿದೆ. ನಾನು ಬರೆದ ಎರಡೇ ದಿನಕ್ಕೆ ಅಕ್ಕ ಎಕ್ಕದ ಎಲೆಯ ಮದ್ದು ಬರೆದಿದ್ದಳು. ಅವಳ ಮೊಣಕಾಲಿಗೆ ಏನೂ ಆಗಿರಲಿಲ್ಲ. ಮದ್ದು ಬರೆದದ್ದು ನನಗೆ. ನಾನು ಅದನ್ನು ಓದಿ, ಎಲೆ ಕಟ್ಟಿಕೊಳ್ಳದೆ, ಅವಳಿಗಾಗಿ ಕೊರಗುತ್ತಾ ಕುಂಟಿದ್ದೆ.

ಇನ್ನೂ ಒಂದಿತ್ತು. ‘ಅಕ್ಕನಿಗೆ’ ಎಂದು ಹೆಸರಿಟ್ಟ ನೋಟು. ಕಾಗದ ಬರೆಯೋಣವೆಂದು ಶುರು ಮಾಡಿದ್ದು. ಅಕ್ಕ, ಹುಳ ತಾನೆ ಅಂದದ್ದು ತಪ್ಪಾಯಿತು, ನಿನ್ನ ಕೈಯಲ್ಲಿ ಬೆಳೆದವಳಿಗೆ ಆ ಮಾತು ಹೇಗೆ ಬಂತೋ ಗೊತ್ತಿಲ್ಲ ಅಂತ. ಬರೆಯುತ್ತಿದ್ದೆ, ಸರಿಯಿಲ್ಲವೆಂದು ಬಿಡುತ್ತಿದ್ದೆ, ಮತ್ತೆ ಯಾವತ್ತೋ ಹೊಸದಾಗಿ ಬರೆಯುತ್ತಿದ್ದೆ. ಕಳಿಸಲೇ ಇಲ್ಲ.

ಅಂದರೆ ಅಕ್ಕ ಅದನ್ನೆಲ್ಲ ಓದಿದ್ದಾಳೆ. ಓದಿಯೂ ಒಂದು ಮಾತಾಡಿಲ್ಲ! ನನಗೆ ನಾಚಿಕೆಯಾಯಿತೋ, ಕೋಪ ಬಂತೋ, ಅಳು ಬಂತೋ ಈಗಲೂ ಹೇಳಲಾರೆ. ಗೋವಿಂದಪ್ಪನವರು ಎದ್ದು ಹೋಗಿ ಟೀ ತಂದುಕೊಟ್ಟರು.

ಶನಿವಾರ ಆ್ಯಪ್ ತೆರೆದು ಒಂದು ಸಾಲು ಬರೆದೆ. ‘ಅಕ್ಕ, ಭಾನುವಾರ ನಿನ್ನ ಫೋನು ಓಟಿಪಿ ಕೇಳುತ್ತದೆ. ನನಗೆ ಫೋನ್ ಮಾಡು.’ ಅಳಿಸಿದೆ. ಮತ್ತೆ ಬರೆದೆ. ಅವಳು ಓದುತ್ತಾಳೆಂದು ಗೊತ್ತಿದ್ದು ಬರೆದ ಮೊದಲ ಸಾಲು ಅದು.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಎರಡು ವರ್ಷದ ನಂತರ ಅಕ್ಕ ನನ್ನ ಜೊತೆ ಆಡಿದ ಮೊದಲ ಮಾತು ಇದು (ಆಡಿದ್ದೆಲ್ಲ ತೆಲುಗಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ):

‘ಆರು ನಂಬರ್ ಬಂದಿರ್ತದಂತೆ. ಹೇಳು.’

ಹೇಳಲು ಶುರು ಮಾಡಿದೆ. ಮೂರನೆಯದಕ್ಕೆ ಅಳತೊಡಗಿದೆ. ‘ಮುಂದಕ್ಕೆ ಹೇಳೇ’ ಅಂದಳು. ನಾನು ಮೂಗೊರೆಸಿಕೊಂಡು ಆರನ್ನೂ ಹೇಳಿ ಮುಗಿಸುವ ಹೊತ್ತಿಗೆ ಆ ನಂಬರಿನ ಆಯಸ್ಸು ಮುಗಿದಿತ್ತು. ಮತ್ತೆ ಕಳಿಸಲು ಒಂದು ನಿಮಿಷ ಕಾಯಿರಿ ಎಂದು ಆ್ಯಪ್ ಹೇಳುತ್ತಿದೆಯಂತೆ.

ಆ ಒಂದು ನಿಮಿಷ ನಮ್ಮದಾಯಿತು.

‘ಅಕ್ಕ, ನಾನ್ ಬರ್ದಿದ್ದೆಲ್ಲಾ ಓದಿದೀಯಾ?’

‘ಮತ್ತೆ? ಕಣ್ಣು ಮುಚ್ಕೊಂಡು ಫೋನ್ ನೋಡ್ಲಾ?’

‘ನಿನಗೆ ಅಂತ ಬರ್ದಿದ್ದು?’

‘ಏಳು ಸಾರಿ ಬರ್ದಿದ್ದೀಯ. ಎಣಿಸಿದೀನಿ.’

‘ಮತ್ತೆ ಯಾಕೇ ಅಕ್ಕ, ಒಂದು ಮಾತೂ ಆಡ್ಲಿಲ್ಲ?’



‘ನೀನು ಕಳಿಸ್ಲಿಲ್ವಲ್ಲ ಸುಜಿ. ಕಳಿಸ್ದೆ ಇಟ್ಕೊಂಡಿರೋ ಕಾಗದಕ್ಕೆ ನಾನು ಹೆಂಗೆ ಉತ್ರ ಕೊಡ್ಲಿ?’

ಅದಕ್ಕೆ ನನ್ನ ಬಳಿ ಇದ್ದದ್ದು ಒಂದೇ ಮಾತು. ಎರಡು ವರ್ಷದ ಹಿಂದೆ ಅವಳ ಅಂಗಳದಲ್ಲೇ ಆಡಬೇಕಾಗಿದ್ದು. ‘ತಪ್ಪಾಯ್ತು ಅಕ್ಕ. ಹುಳ ತಾನೆ ಅನ್ನಬಾರ್ದಾಗಿತ್ತು.’

‘ನಂಬರ್ ಬಂತಾ ನೋಡು’ ಅಂದಳು.

ಬಂದಿತ್ತು. ಈ ಸಾರಿ ಸರಿಯಾಗಿ ಹೇಳಿದೆ. ಲಾಗಿನ್ ಆಯಿತು. ಆದರೆ ಅವಳು ಫೋನ್ ಇಡಲಿಲ್ಲ.

‘ಅಲ್ವೇ, ಬರೆಯೋಳು ನಾನು, ಫೋನು ನನ್ನ ಕೈಯಲ್ಲೈತೆ. ನಂಬರ್ ಯಾಕೆ ನಿನಗೆ ಬರ್ತದೆ?’

‘ಅಕೌಂಟು ನನ್ನ ಹೆಸರಲ್ಲಿದೆ ಅಕ್ಕ.’

‘ಹಂಗಾದ್ರೆ ನಾನ್ ಬರ್ದಿದ್ದು ಎಲ್ಲಿರ್ತದೆ? ನಿಮ್ಮನೇಲಾ?’

‘ಇಲ್ಲ. ಇನ್ನೆಲ್ಲೋ ಇರುತ್ತೆ.’

‘ಎಲ್ಲೋ ಅಂದ್ರೆ ಎಲ್ಲಿ? ಯಾರ ಮನೇಲಿ?’

ಎಂ.ಎ. ಮಾಡಿದ್ದೇನೆ, ವಾರವಾರ ನಿಮಗೆ ಬುದ್ಧಿ ಹೇಳುತ್ತೇನೆ. ನಮ್ಮಿಬ್ಬರ ಎರಡು ವರ್ಷ ಯಾರ ಮನೆಯಲ್ಲಿತ್ತೆಂದು ಕೇಳಿದರೆ ಗೊತ್ತಿಲ್ಲ.

‘ಬರ್ಲಾ ಅಕ್ಕ?’ ಎಂದು ಕೇಳಿದೆ.

‘ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಈಗ ಯಾರೂ ಬರಂಗಿಲ್ಲ’ ಎಂದು ಫೋನಿಟ್ಟಳು.

ಯಾರೂ ಎಂದರೆ ಯಾರೂವೇ? ಅಥವಾ ನಾನು ಮಾತ್ರವೇ? ಆ ಒಂದು ಪದವನ್ನು ಎರಡು ವಾರದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ.

ಈಗ ನೀವು ಕೇಳಬಹುದು. ಸುಜಾತಮ್ಮ, ಅಕೌಂಟ್ ಇಲ್ಲದಿದ್ದರೆ, ಎಲ್ಲರೂ ನಿಮ್ಮ ಗೋವಿಂದಪ್ಪನವರ ಹಾಗೆ ಮನೆಯಲ್ಲೇ ಡಬ್ಬ ಇಟ್ಟುಕೊಂಡಿದ್ದರೆ, ನಿಮಗೆ ಅಕ್ಕ ಸಿಗುತ್ತಿದ್ದಳೇ? ಇಲ್ಲ. ಅಕೌಂಟಿನ ಕೃಪೆಯಿಂದಲೇ, ನನ್ನ ಮರೆವಿನ ಕೃಪೆಯಿಂದಲೇ ನನಗೆ ಎರಡು ವರ್ಷ ಅಕ್ಕ ಸಿಕ್ಕಳು. ಇದನ್ನು ಮುಚ್ಚಿಟ್ಟು ವಾದ ಮಾಡಿದರೆ ದೇವರು ಮೆಚ್ಚುವುದಿಲ್ಲ.

ಆದರೂ ಗೋವಿಂದಪ್ಪನವರೇ ಸರಿ. ಬರೆದಿಟ್ಟುಕೊಳ್ಳುವ ಒಂದು ಆ್ಯಪ್‌ಗೆ ನನ್ನ ಹೆಸರು, ನಂಬರು, ಹುಟ್ಟಿದ ದಿನ ಯಾವುದೂ ಬೇಕಾಗಿಲ್ಲ. ಯಾರಿಗೆ ಸುಲಭ ಬೇಕೋ ಅವರು ಕೊಡಲಿ, ಅಭ್ಯಂತರವಿಲ್ಲ. ಬೇಡ, ನಮ್ಮದು ನಮ್ಮ ಮನೆಯಲ್ಲೇ ಇರಲಿ ಎನ್ನುವವರಿಗೆ ಅದಕ್ಕೊಂದು ದಾರಿ ಬಿಡಿ. ಇಷ್ಟು ಕೇಳುವುದು ದೊಡ್ಡಸ್ತಿಕೆಯೇ? ಒಂದು ಭಾನುವಾರದ ನೋಟಿಸಿಗೆ ಅಕ್ಕನ ಇಷ್ಟು ವರ್ಷದ ಹುಳುವಿನ ಅನುಭವ ಅವಳ ಕೈತಪ್ಪಿ ಹೋಗುತ್ತಿತ್ತು. ಅವಳದೇ ಬರಹಕ್ಕೆ ಅವಳು ಯಾರನ್ನೋ ನಂಬರು ಕೇಳಬೇಕಾಯಿತು. ಆ ಯಾರೋ ತಂಗಿ ಎಂಬುದು ಅದೃಷ್ಟ, ಅಷ್ಟೇ.

ಇನ್ನೊಂದು ಮಾತು. ಕಂಪನಿಗಳು ನಮ್ಮದನ್ನು ಕೇಳದೆ ಓದುತ್ತವೆ ಎಂದು ಇದೇ ಅಂಕಣದಲ್ಲಿ ಹಿಂದೆ ಹಾರಾಡಿದ್ದೆ. ನಾನು ಮಾಡಿದ್ದೇನು? ಪ್ರೀತಿಯಿಂದ ಓದಿದೆ ಎನ್ನುವುದು ನಿಜ. ಕೇಳದೆ ಓದಿದೆ ಎನ್ನುವುದೂ ನಿಜವೇ.

ಗೋವಿಂದಪ್ಪನವರು ನಮ್ಮ ಮನೆಗೂ ಒಂದು ಡಬ್ಬ ಸಿದ್ಧ ಮಾಡುತ್ತಿದ್ದಾರೆ. ಅಕ್ಕ ಒಪ್ಪಿದರೆ ಇಬ್ಬರ ನೋಟ್ಸೂ ಅದರಲ್ಲಿ. ಒಪ್ಪದಿದ್ದರೆ ಅವಳದು ಅವಳ ಫೋನಿನಲ್ಲಿ, ನನಗೆ ಕಾಣದ ಹಾಗೆ. ಕೇಳಬೇಕು. ಎದುರು ಕೂತು ಕೇಳಬೇಕು. ಅದಕ್ಕೆ ಅವಳು ಬಾ ಅನ್ನಬೇಕಲ್ಲ?

ದಿನಾ ಬೆಳಗ್ಗೆ ನೋಡುತ್ತಿದ್ದೇನೆ. ಹುಳು ಜ್ವರದಿಂದ ಎದ್ದಿತು. ಸೊಪ್ಪು ಐದು ಸಾರಿ ಆಯಿತು. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರ ತಟ್ಟೆಗೆ ಬಿಟ್ಟಾಯಿತು. ಎಲ್ಲ ಬರೆಯುತ್ತಾಳೆ. ನನಗೆ ಬೇಕಾದ ಒಂದು ಮಾತು ಮಾತ್ರ ಬರೆಯುತ್ತಿಲ್ಲ. ನಾನೂ ಕೇಳುತ್ತಿಲ್ಲ. ಅವಳು ಎರಡು ವರ್ಷ ನನ್ನ ಕಾಗದಕ್ಕೆ ಕಾದಿದ್ದಾಳೆ, ನಾನು ಎರಡು ವಾರ ಕಾಯಲಾರೆನೇ? ಕಾಯಬಲ್ಲೆ. ಆದರೆ ಕಷ್ಟವಾಗುತ್ತಿದೆ.

ಗುರುವಾರ ಸಂಜೆ ಇಲ್ಲಿಯವರೆಗೆ ಬರೆದು, ಮುಗಿಸುವ ಸಾಲು ಹೊಳೆಯದೆ ಫೋನ್ ಬದಿಗಿಟ್ಟೆ. ಶುಕ್ರವಾರ ಬೆಳಗ್ಗೆ ತೆರೆದರೆ ಅಂಕಣದ ಕೆಳಗೆ ನಾನು ಬರೆಯದ ಮಾತು ಕೂತಿತ್ತು. ತೆಲುಗಲ್ಲ, ಕನ್ನಡದಲ್ಲೇ. ಅಚ್ಚಾಗುವ ಜಾಗವೆಂದು ಅವಳಿಗೂ ಗೊತ್ತು.

‘ಸೋಮವಾರ ಗೂಡು ಬಿಡಿಸ್ತೀವಿ. ಆಳು ಸಿಕ್ಕಿಲ್ಲ.’

ಹೆಡ್‌ಮಾಸ್ಟರ್ ಅವರೇ, ಸೋಮವಾರ ನಾನು ಶಾಲೆಗೆ ಬರುವುದಿಲ್ಲ.